ಫಿಲೋಮಿನಾ ಸಿಸ್ಟರ್ ಮೇಜಿನ ಲೋಟ

ನಾನು ಒಂದು ಗಾಜಿನ ಲೋಟ. ಹುಟ್ಟಿದ್ದು ಕುಲುಮೆಯ ಬೆಂಕಿಯಲ್ಲಿ, ಕೆಲಸಕ್ಕೆ ಸೇರಿದ್ದು ಕೋಲಾರದ ಒಂದು ಬಾರಿನಲ್ಲಿ. ಅಲ್ಲಿ ನನ್ನನ್ನು ಎತ್ತಿದವರೆಲ್ಲ "ಇದೇ ಕೊನೇದು" ಎನ್ನುತ್ತಿದ್ದರು. ಅದನ್ನು ನಂಬುವಷ್ಟು ದಡ್ಡ ನಾನಲ್ಲ. ಬಾರು ಮುಚ್ಚಿದ ಮೇಲೆ ಗುಜರಿ ಸೇರಿದೆ. ಅಲ್ಲಿಂದ ನನ್ನನ್ನು ಆರಿಸಿ ತಂದವರು ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವ ವಾರ್ಡಿನ ಫಿಲೋಮಿನಾ ಸಿಸ್ಟರ್.

ಎಷ್ಟು ಕುಡಿಯುತ್ತೀರಿ ಎಂದು ಕೇಳಿದರೆ ಎಲ್ಲರೂ "ಸ್ವಲ್ಪ" ಎನ್ನುತ್ತಾರೆ. ಸಿಸ್ಟರ್ ವಾದಕ್ಕಿಳಿಯುವುದಿಲ್ಲ. ನೀರಿನ ಜಗ್ಗು ಮುಂದಿಟ್ಟು, ಮನೆಯಲ್ಲಿ ಸುರಿದುಕೊಳ್ಳುವಷ್ಟು ನನ್ನೊಳಗೆ ಸುರಿಯಲು ಹೇಳುತ್ತಾರೆ. ಆಮೇಲೆ ಕೈನಡುಕ, ನಿದ್ದೆ ಎಲ್ಲ ವಿಚಾರಿಸಿ, ಚಟ ಎಷ್ಟು ಆಳಕ್ಕಿಳಿದಿದೆ ಎಂದು ಅಳೆಯುತ್ತಾರೆ.

ಒಂದು ದಿನ ಟೈಲರ್ ಮುನಿವೆಂಕಟಪ್ಪ ಹೆಂಡತಿ ಪಾಪಮ್ಮನ ಜೊತೆ ಬಂದ.

"ನಾಳೆ ಅಯ್ಯಪ್ಪನ ಮಾಲೆ ಹಾಕ್ಕೊತೀನಿ ಸಿಸ್ಟರ್. ಇನ್ನು ಒಂದು ತೊಟ್ಟೂ ಮುಟ್ಟಲ್ಲ. ನಿದ್ದೆಗೊಂದು ಮಾತ್ರೆ ಕೊಡಿ, ಸಾಕು" ಎಂದವನು ನನ್ನ ತಳ ಮುಚ್ಚುವಷ್ಟು ಮಾತ್ರ ನೀರು ಸುರಿದ.

ಕಡಿಮೆ ಕುಡಿಯುವವನಾದರೆ ಮನೆಗೆ ಕಳಿಸಬಹುದು. ಮಿತಿಮೀರಿ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಕುತ್ತು. ಸಿಸ್ಟರ್ ಪಾಪಮ್ಮನತ್ತ ನೋಡಿದರು.

ಪಾಪಮ್ಮ ಜಗ್ಗು ಎತ್ತಿ ನನ್ನನ್ನು ಕಂಠದವರೆಗೆ ತುಂಬಿದಳು. "ದಿನಾ ಹಿಂಗೆ ಮೂರು ಸಲ. ಸುರಿಯೋಳು ನಾನೇ. ಎಲ್ಲೋ ಕುಡಿದು ಮೋರೀಲಿ ಬೀಳೋ ಬದಲು ಮನೇಲೇ ಇರ್ಲಿ ಅಂತ. ಹೋದ ವರ್ಷ ಮಾಲೆ ಹಾಕ್ಕೊಂಡು ಬಿಟ್ಟಾಗ ಕೈಕಾಲು ಸೆಟೆದು ಬಿದ್ದುಬಿಟ್ರು. ವ್ರತದಲ್ಲಿ ಏನೋ ತಪ್ಪಾಗಿ ಸ್ವಾಮಿಗೆ ಕೋಪ ಬಂತು ಅಂದ್ಕೊಂಡ್ವಿ."

ಮುನಿವೆಂಕಟಪ್ಪ ತಲೆ ತಗ್ಗಿಸಿದ. "ಆ ಭಯಕ್ಕೇ ಮಾಲೆ ತೆಗೆದು ಮತ್ತೆ ಕುಡಿದೆ."

"ಅದು ಸ್ವಾಮಿ ಕೋಪ ಅಲ್ಲಪ್ಪ. ಕುಡಿತಕ್ಕೆ ಒಗ್ಗಿದ ಮೈಗೆ ಹಾಗಾಗುತ್ತೆ. ಇಲ್ಲೇ ದಾಖಲಾಗಿ. ಔಷಧಿ ಕೊಟ್ಟು ಬಿಡಿಸ್ತೀವಿ. ಮಾಲೆ ಆಮೇಲೆ ಹಾಕ್ಕೊಳ್ಳಿ" ಎಂದರು ಸಿಸ್ಟರ್.

ಅವನು ವಾರ್ಡಿನಲ್ಲೇ ಉಳಿದ. ಮೈ ಬೆವರಿತು, ಕೈ ನಡುಗಿತು, ಆದರೆ ಫಿಟ್ಸ್ ಬರಲಿಲ್ಲ. ನನಗೂ ಜೀವ ಬಂದಂತಾಯಿತು.

ಸಂಕ್ರಾಂತಿ ಹತ್ತಿರವಾದಾಗ ಮುನಿವೆಂಕಟಪ್ಪ ಕಪ್ಪು ಪಂಚೆಯುಟ್ಟು, ಕೊರಳಲ್ಲಿ ಮಾಲೆ ಧರಿಸಿ ತಪಾಸಣೆಗೆ ಬಂದ. ಬಿಸಿಲಲ್ಲಿ ನಡೆದು ಬಂದ ಪಾಪಮ್ಮ ಏದುಸಿರು ಬಿಡುತ್ತಿದ್ದಳು. ಸಿಸ್ಟರ್ ಏನೂ ಹೇಳುವ ಮೊದಲೇ ಅವನು ಜಗ್ಗು ಎತ್ತಿ ನನ್ನನ್ನು ತುಂಬಿದ. ಒಂದು ಹನಿಯೂ ಚೆಲ್ಲಲಿಲ್ಲ.

"ಇವತ್ತು ನಾನು ಸುರಿದಿದೀನಿ. ನೀನು ಕುಡಿ" ಎಂದ.

ಈಗ ನನ್ನ ಅಂಚು ಒಡೆದಿದೆ. ಕಿಟಕಿಯ ಮೂಲೆಯಲ್ಲಿ ಹಾಯಾಗಿ ಕೂತಿದ್ದೇನೆ. ನನ್ನಿಂದ ಕುಡಿದವರಿಗೆ ಲೆಕ್ಕವಿಲ್ಲ. ಆದರೆ ದಾಹ ತೀರಿದ್ದನ್ನು ನಾನು ಕಂಡದ್ದು ಪಾಪಮ್ಮ ನೀರು ಕುಡಿದು ನನ್ನನ್ನು ಕೆಳಗಿಟ್ಟ ಆ ದಿನವೇ.