ಎಣಿಸಬಾರದ ಹಕ್ಕಿಗಳು

ಪುಷ್ಯ ಮಾಸದ ಚಳಿ. ಹೊತ್ತು ಮೂಡಿದ್ದರೂ ದೊಡ್ಡಕೆರೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಹಕ್ಕಿ ಎಣಿಸಲು ಸರಕಾರ ಕಳಿಸಿದ ಶೈಲಶ್ರೀ ಏರಿಯ ಮೇಲೆ ನಿಂತು ದುರ್ಬೀನು ಹಿಡಿದಳು. ಬಿಳುಪು ಬಿಟ್ಟು ಬೇರೇನೂ ಕಾಣಲಿಲ್ಲ. ಅಂದೇ ಬೇರೆ ಕೆರೆಗಳನ್ನೂ ನೋಡಬೇಕಿದ್ದರಿಂದ ಮಂಜು ಕರಗುವವರೆಗೆ ಕಾಯುವಂತಿರಲಿಲ್ಲ. ಎತ್ತುಗಳಿಗೆ ನೀರು ಕುಡಿಸುತ್ತಿದ್ದ ಮುದುಕ ಬಸವಣ್ಣೆಪ್ಪನನ್ನು, ಈ ವರ್ಷ ಹೆಬ್ಬಾತು ಎಷ್ಟು ಬಂದಿವೆ ಎಂದು ಕೇಳಿದಳು.

ಕೆರೆ ತುಂಬ ಇದ್ದವು. ಆದರೆ ಆ ಊರಲ್ಲಿ ಕಣದ ರಾಶಿ, ಹಟ್ಟಿಯ ದನ, ಮನೆಯ ಮಕ್ಕಳು, ಕೆರೆಯ ಹಕ್ಕಿ ಇವನ್ನು ಯಾರೂ ಬಾಯಿಬಿಟ್ಟು ಎಣಿಸುವುದಿಲ್ಲ. ಎಣಿಸಿದರೆ ದೃಷ್ಟಿ ತಾಗುತ್ತದೆ. ಕೇಳಿದವರಿಗೆ ಇದ್ದದ್ದನ್ನು ಇಳಿಸಿ ಹೇಳುವುದೇ ರೂಢಿ.

"ಎಲ್ಲಿ ಬಂದಾವ ಬಿಡವ್ವಾ, ಅಲ್ಲೊಂದು ಇಲ್ಲೊಂದು," ಎಂದ.

ಅವಳು ಇನ್ನೂ ಹತ್ತು ಮಂದಿಯನ್ನು ಕೇಳಿದಳು. ಹತ್ತೂ ಮಂದಿ ಅದನ್ನೇ ಹೇಳಿದರು.

ಮಾಘದಲ್ಲಿ ಪಂಚಾಯಿತಿ ಗೋಡೆಗೆ ಒಂದು ನೋಟಿಸು ಬಿತ್ತು. ಬಸವಣ್ಣೆಪ್ಪನಿಗೆ ಅದನ್ನು ನಾಲ್ಕನೇ ಇಯತ್ತೆ ಕಲಿತ ಹೆಂಡತಿ ವೀರವ್ವ ಓದಿ ಹೇಳಿದಳು. ಹಕ್ಕಿ ಬರುವುದು ನಿಂತಿರುವುದರಿಂದ ದೊಡ್ಡಕೆರೆಯನ್ನು ಪಕ್ಷಿಧಾಮದ ಪಟ್ಟಿಯಿಂದ ತೆಗೆಯುತ್ತಾರಂತೆ. ತಕರಾರಿದ್ದವರು ಶುಕ್ರವಾರ ಹಾನಗಲ್ಲಿಗೆ ಬರಬೇಕಂತೆ. ಪಟ್ಟಿಯಿಂದ ಬಿಟ್ಟರೆ ದಂಡೆಗೆ ಮಣ್ಣು ಸುರಿದು ಪ್ಲಾಟು ಹಾಕುವವರನ್ನು ತಡೆಯುವವರಿಲ್ಲ. ಆಧಾರ ಎಂದು ಕೆಳಗೆ ಹನ್ನೊಂದು ಹೆಸರು ಬರೆದಿದ್ದರು.

"ನಿಮ್ದ ಮೊದಲೈತಿ ನೋಡ್ರಿ," ಎಂದಳು ವೀರವ್ವ. "ಊರಿಗೆ ದೊಡ್ಡವರಲ್ಲೇನ."

ಬಸವಣ್ಣೆಪ್ಪ ಅಲ್ಲೇ ಕಟ್ಟೆಯ ಮೇಲೆ ಕುಳಿತ. ಹಕ್ಕಿಗಳಿಗೆ ಕೆಡುಕಾಗದಿರಲೆಂದು ಆಡಿದ ಮಾತು ಕೆರೆಯನ್ನೇ ನುಂಗಲು ಹೊರಟಿತ್ತು. ಎದ್ದು ಮನೆಗೆ ಹೋಗುವುದೂ ಅವನಿಗೆ ಹೊಳೆಯಲಿಲ್ಲ.

ಶುಕ್ರವಾರ ಹಾನಗಲ್ಲಿನ ಅರಣ್ಯ ಕಚೇರಿಯಲ್ಲಿ ಊರಿನ ಹಿರಿಯರೆಲ್ಲ ಗೋಡೆಗೆ ಒರಗಿ ನಿಂತರು. ಸಾಹೇಬರು ಎಷ್ಟು ಕೇಳಿದರೂ ಲೆಕ್ಕ ಹೇಳಲು ಯಾರಿಗೂ ನಾಲಿಗೆ ಏಳಲಿಲ್ಲ. ಕೊನೆಗೆ ಬಸವಣ್ಣೆಪ್ಪ ಮುಂದೆ ಬಂದ.

"ನಾಕ ಸಾವಿರದ ಮ್ಯಾಲ ಅದಾವ್ರಿ ಸಾಹೇಬ್ರ. ಅವತ್ತ ನಾ ಸುಳ್ಳ ಹೇಳಿದ್ನಿ."

ಹಿಂದಿನಿಂದ ಯಾರೋ ಶಿವ ಶಿವಾ ಎಂದು ಗೊಣಗಿದರು. ಅಂದಿನದು ಸುಳ್ಳಾದರೆ ಇಂದಿನದನ್ನು ಹೇಗೆ ನಂಬಲಿ ಎಂದರು ಸಾಹೇಬರು. ಆದರೂ ಕೆಟ್ಟವರಲ್ಲ, ಮಂಗಳವಾರ ಶೈಲಶ್ರೀ ಬಂದು ಕಣ್ಣಾರೆ ಕಂಡು ಎಣಿಸಲಿ, ಅವಳು ಬರೆದದ್ದೇ ಕೊನೆ ಎಂದು ಅಪ್ಪಣೆ ಮಾಡಿದರು.

ಮಂಗಳವಾರ ಅವಳು ಬಂದಳು. ಕೆರೆಯ ಈ ತುದಿಯಿಂದ ಆ ತುದಿಗೆ ದುರ್ಬೀನು ಹೊರಳಿಸಿದಳು. ಬರಿಯ ನೀರು.

"ಅಜ್ಜಾರ, ಎಲ್ಲಿ ಅದಾವ್ರಿ?" ಎಂದು ಮೆಲ್ಲಗೆ ಕೇಳಿದಳು.

ಬಸವಣ್ಣೆಪ್ಪ ಬರಿದಾದ ಬಾನಿನತ್ತ ಕೈ ತೋರಿಸಿದ. ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ಬಡಗಣ ದಿಕ್ಕಿಗೆ ಹೊರಡುತ್ತಿದ್ದ ಹೆಬ್ಬಾತುಗಳು, ಈ ಸಲ ಬಿಸಿಲು ಬೇಗ ಏರಿದ್ದಕ್ಕೋ ಏನೋ, ಒಂದೂ ಉಳಿಯದಂತೆ ಆದಿತ್ಯವಾರ ನಸುಕಿನಲ್ಲೇ ಹೋಗಿಬಿಟ್ಟಿದ್ದವು.