ಗೋಡೆಗೆ ಬೇಕಾದ ಕಡ್ಡಿ

ಗಂಡ ತಲಾಕ್ ಹೇಳಿ ಕಳಿಸಿದ ಮೇಲೆ ಹಾಜೆರಾ ಅಣ್ಣನ ಮನೆಯ ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದಳು. ಕೊಟ್ಟಿಗೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಹಿಂದುಗಡೆ ಇದಾಳೆ" ಎನ್ನುತ್ತಿದ್ದರು. ಹಸುವಿಗೂ ಅವಳಿಗೂ ನಡುವೆ ಒಂದು ಹಳೆ ಸೀರೆ ಅಡ್ಡ ಕಟ್ಟಿತ್ತು. ಹಸು ಅದನ್ನು ಬೇಸರವಾದಾಗೆಲ್ಲ ಜಗಿಯುತ್ತಿದ್ದುದರಿಂದ ಪರದೆ ದಿನೇ ದಿನೇ ಗಿಡ್ಡವಾಗುತ್ತಿತ್ತು.

ಊರ ಹಿರಿಯರು ಇದನ್ನು ಗಮನಿಸಿ ಒಂದು ಶುಕ್ರವಾರ ಮಸೀದಿಯ ಜಗುಲಿಯಲ್ಲಿ ಅಣ್ಣ ಇದ್ರಿಸನನ್ನು ಕೂರಿಸಿ ಕೇಳಿದರು. ಇದ್ರಿಸ್ ದೋಣಿ ರಿಪೇರಿ ಮಾಡುವವನು, ಮಾತಿನಲ್ಲೂ ಬಿರುಕು ಕಾಣದ ಹಾಗೆ ಮೆತ್ತುವುದು ಗೊತ್ತು.

"ಕೊಳದ ದಂಡೆ ಮೇಲಿನ ಬಾಳೆ ಮೂಲೆ ಅವಳದೇ, ನಾನೇನು ಬೇಡ ಅಂದೆನಾ?" ಎಂದ. "ಈ ಭಾದ್ರಪದ ಮುಗಿಯೋದ್ರೊಳಗೆ ನಾಲ್ಕು ಗೋಡೆ ಎಬ್ಬಿಸ್ಲಿ. ಗೋಡೆನೂ ಅವಳದು, ನೆಲನೂ ಅವಳದು. ಎಲ್ಲರ ಮುಂದೆ ಹೇಳ್ತಿದೀನಿ."

ಹಿರಿಯರು ಗಡ್ಡ ನೀವಿಕೊಂಡು ಮೆಚ್ಚಿದರು. ಭಾದ್ರಪದವೇ ಯಾಕೆ ಎಂದು ಯಾರೂ ಕೇಳಲಿಲ್ಲ. ಗೋಡೆಗೆ ಬೇಕಾದ ಒಂದು ಕಡ್ಡಿಯೂ ತಂಗಿಯ ಕೈಯಲ್ಲಿಲ್ಲ ಎಂಬುದು ಖಾತ್ರಿಯಿದ್ದುದರಿಂದಲೇ ಇದ್ರಿಸನ ದನಿ ಅಷ್ಟು ಧಾರಾಳವಾಗಿತ್ತು.

ಅವನು ಮರೆತದ್ದು ಸೆಣಬನ್ನು. ಕೊಯ್ದ ಸೆಣಬು ನೀರಲ್ಲಿ ಕೊಳೆತ ಮೇಲೆ ಹೆಂಗಸರು ಸೊಂಟಮಟ್ಟ ಇಳಿದು ನಾರು ಬಿಡಿಸಿಕೊಡಬೇಕು. ನಾರು ಹೊಲದ ಯಜಮಾನನಿಗೆ, ಒಳಗಿನ ಕಡ್ಡಿ ನಾರು ಬಿಡಿಸಿದವಳಿಗೆ. ಬೇರೆ ಕೂಲಿ ಅವಳು ಕೇಳುವುದೂ ಇಲ್ಲ, ಇವನು ಕೊಡುವುದೂ ಇಲ್ಲ. ಉಳಿದ ಹೆಂಗಸರು ಆ ಕಡ್ಡಿಯನ್ನು ಒಲೆಗೆ ಇಡುತ್ತಾರೆ. ನಿಲ್ಲಿಸಿ ತಡಿಕೆ ಹೆಣೆದು ಮೇಲೆ ಮಣ್ಣು ಮೆತ್ತಿದರೆ ಅದೇ ಗೋಡೆ.

ಹಾಜೆರಾಳಿಗೆ ಸಿಕ್ಕ ಸಿಕ್ಕ ಕಡ್ಡಿ ಬೇಡವಾಗಿತ್ತು. ಗಿಡ್ಡ ಕಡ್ಡಿಗೆ ಕಡ್ಡಿ ಜೋಡಿಸಿದ ಗೋಡೆ ಒಂದು ಬಿರುಗಾಳಿಗೆ ಸೊಂಟ ಮುರಿದುಕೊಳ್ಳುತ್ತದೆ. ತೋರಾಬ್ ಮೊಲ್ಲಾನ ಹೊಲದಲ್ಲಿ ಈ ಸಲ ಸೆಣಬು ಎರಡಾಳುದ್ದ ಬೆಳೆದಿತ್ತು. ಅದು ಹಸಿರಾಗಿ ನಿಂತಿದ್ದಾಗಲೇ ಅವಳು ಅದರಲ್ಲಿ ತನ್ನ ಗೋಡೆಯನ್ನು ಕಂಡುಬಿಟ್ಟಿದ್ದಳು. ಬೇರೆಯವರ ಕೊಳಕ್ಕೆ ಕರೆದರೆ ಹೋಗಲಿಲ್ಲ. ಒಬ್ಬೊಬ್ಬರದೇ ಮುಗಿಯುತ್ತ ಬಂತು. ಅವಳು ಕಾದಳು.

"ಗಂಡನ್ನೂ ಹಿಂಗೇ ಅಳೆದು ನೋಡಿದ್ರೆ ಈ ಗತಿ ಬರ್ತಿತ್ತೇನೇ?" ಎಂದು ಮುದುಕಿ ಜಮಿಲೋನ್ ಬೊಚ್ಚುಬಾಯಲ್ಲಿ ನಕ್ಕಳು.

"ಗಂಡನ್ನ ನಾನೆಲ್ಲಿ ಅಳೆದೆ ಜಮಿಲೋನಕ್ಕ? ಅಳೆದದ್ದು ನಮ್ಮಣ್ಣ."

ತೋರಾಬನ ಸೆಣಬು ಹದಕ್ಕೆ ಬಂದ ದಿನ ನೀರಿಗೆ ಮೊದಲು ಇಳಿದವಳು ಹಾಜೆರಾ. ಮೇಲೆ ಹೊದಿಸಿದ್ದ ಅಂತರಗಂಗೆಯನ್ನು ಸರಿಸಿದೊಡನೆ ಕೊಳೆತ ನಾತ ಮೂಗಿಗೆ ಹೊಡೆಯಿತು. ಅವಳಿಗೆ ಅದು ಹೊಸಮನೆಯ ವಾಸನೆ. ಒಂದೊಂದೇ ಗಿಡವನ್ನು ಎತ್ತಿ, ಬುಡದ ಸಿಪ್ಪೆಯನ್ನು ಹೆಬ್ಬೆರಳಲ್ಲಿ ಸಡಿಲಿಸಿ, ಒಂದೇ ಎಳೆತಕ್ಕೆ ನಾರನ್ನು ತುದಿಯವರೆಗೂ ಜಾರಿಸುತ್ತಿದ್ದಳು. ಒಳಗಿನಿಂದ ಬೆಳ್ಳಗಿನ ಕಡ್ಡಿ ಒಂದು ಗೀರೂ ಇಲ್ಲದೆ ಹೊರಬರುತ್ತಿತ್ತು. ಕಾಲಿಗೆ ಜಿಗಣೆ ಹತ್ತಿದ್ದು ಅವಳಿಗೆ ಗೊತ್ತಾದದ್ದು ಜಮಿಲೋನ್ ತೋರಿಸಿದಾಗ. ಸಂಜೆಗೆ ದಂಡೆಯ ಮೇಲೆ ಒಂದು ಗೋಡೆಗಾಗುವಷ್ಟು ಕಡ್ಡಿ ಒಣಗಲು ನಿಂತಿತ್ತು. ಇನ್ನು ಮೂರು ಗೋಡೆ ನೀರಲ್ಲಿದ್ದವು.

ಆ ದಾರಿಯಲ್ಲಿ ಮನೆಗೆ ಹೊರಟಿದ್ದ ಇದ್ರಿಸ್ ನಿಂತು ನೋಡಿದ. ಒಂದು ಕಡ್ಡಿಯನ್ನು ಹಿಡಿದು ಬಾಗಿಸಿ ಬಿಟ್ಟ. "ಗಟ್ಟಿಯಾಗಿದೆ" ಎಂದಷ್ಟೇ ಹೇಳಿ ಹೋದ.

ಮರುದಿನ ಬೆಳಿಗ್ಗೆ ತೋರಾಬ್ ಮೊಲ್ಲಾ ಒಂದು ಗೋಣಿಚೀಲ ಹೊತ್ತು ತಂದು ದಂಡೆಯ ಮೇಲೆ ಸುರಿದ. ಒಳಗಿಂದ ಮರದ ಕೊಡತಿಗಳು ಬಿದ್ದವು.

"ಇವತ್ತಿಂದ ಬಿಡಿಸೋದು ಬೇಡ, ಬಡೀರಿ," ಎಂದ. "ಒಂದು ಹಿಡಿ ಗಿಡ ತಗೊಳ್ಳೋದು, ಬುಡಕ್ಕೊಂದು ನಡುವಿಗೊಂದು ಹಾಕಿ ಮುರಿಯೋದು, ನಾರು ಹಿಡಿದು ನೀರಲ್ಲಿ ಜಾಡಿಸೋದು. ಕಡ್ಡಿ ತಾನೇ ಉದುರುತ್ತೆ. ರಂಗ್‌ಪುರದ ಕಡೆ ಜನ ಹಂಗೇ ಮಾಡೋದಂತೆ. ಬಿಸಿಲು ಜೋರಾಗಿದೆ, ಇನ್ನು ನೀರಲ್ಲೇ ಬಿಟ್ರೆ ನಾರು ಸತ್ತೋಗುತ್ತೆ. ನಾಳಿದ್ದು ನಾರು ಕೊಳ್ಳೋಕೆ ಫರೀದ್‌ಪುರದ ದೋಣಿ ಬರುತ್ತೆ."

"ಚಾಚಾ, ಕಡ್ಡಿ?" ಎಂದಳು ಹಾಜೆರಾ.

"ನಿಂದೇ ಕಣಮ್ಮ. ಯಾವತ್ತು ಇಲ್ಲ ಅಂದೆ? ಒಂದು ಚೂರೂ ನಾನು ಮುಟ್ಟಲ್ಲ."

"ಚೂರು ತಗೊಂಡು ಗೋಡೆ ಹೆಂಗೆ ಕಟ್ಲಿ?"

ತೋರಾಬ್ ನಿಜಕ್ಕೂ ಪೆಚ್ಚಾದ. ಕೆಟ್ಟವನಲ್ಲ, ನಾರು ಬಿಟ್ಟು ಬೇರೇನನ್ನೂ ಯೋಚಿಸದವನು. "ಗೋಡೆನಾ? ನಿಮ್ಮಣ್ಣ ಏನೂ ಹೇಳ್ಲಿಲ್ವಲ್ಲ. ಈ ಉಪಾಯ ಹೇಳ್ಕೊಟ್ಟೋನೇ ಅವನು. ರಾತ್ರಿಯೆಲ್ಲ ಕೂತು ಕೊಡತಿ ಕೆತ್ತಿ ಕೊಟ್ಟಿದಾನೆ ಪಾಪ, ಬಿಡಿಗಾಸು ಮುಟ್ಲಿಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗೂ ಅರ್ಥವಾಯಿತು. ಅರ್ಥವಾದುದರಿಂದ ಏನೂ ಬದಲಾಗಲಿಲ್ಲ.

"ನೀವು ಬಡೀರಿ. ನನ್ನ ಪಾಲು ನಾನು ಒಂದೊಂದೇ ಬಿಡಿಸ್ತೀನಿ," ಎಂದಳು ಹಾಜೆರಾ.

"ನೀನು ಜಡೆ ಹೆಣೆದಂಗೆ ಕೂತ್ರೆ ನಿನ್ನ ಪಾಲಿನ ಗಿಡದಲ್ಲಿರೋ ನನ್ನ ನಾರು ನೀರಲ್ಲೇ ಕೊಳೆತೋಗುತ್ತೆ," ಎಂದ ತೋರಾಬ್. "ಆಗದಿದ್ರೆ ಹೇಳು, ಬೇರೆಯವಳನ್ನ ಇಳಿಸ್ತೀನಿ."

ಹಾಜೆರಾ ಜಮಿಲೋನಳ ಕಡೆ ನೋಡಿದಳು. "ಜಮಿಲೋನಕ್ಕ, ನೀನಾದ್ರೂ ಹೇಳು. ನೀವ್ಯಾರೂ ಕೊಡತಿ ಮುಟ್ಟದಿದ್ರೆ ಚಾಚಾ ಏನು ಮಾಡ್ತಾರೆ?"

ಜಮಿಲೋನ್ ಆಗಲೇ ಒಂದು ಕೊಡತಿ ಎತ್ತಿ ತೂಕ ನೋಡುತ್ತಿದ್ದಳು. "ಮಗಳೇ, ಒಲೆಗೆ ಹೆಂಗೂ ಮುರಿದೇ ಹಾಕ್ಬೇಕು. ಇಲ್ಲೇ ಮುರಿದ್ರೆ ಒಂದು ಕೆಲಸ ಉಳೀತು. ನಿನ್ನ ಗೋಡೆಗೋಸ್ಕರ ನಮ್ಮ ಸೊಂಟ ಇನ್ನೆಷ್ಟು ದಿನ ನೀರಲ್ಲಿ ನೆನೀಬೇಕು, ಹೇಳು?"

ಕಪಟವಿಲ್ಲದ ಮಾತು.

ಹಾಜೆರಾ ಲೆಕ್ಕ ಹಾಕಿದಳು. ಬಿಟ್ಟುಹೋದರೆ ಕಡ್ಡಿಯ ಚೂರೂ ಇಲ್ಲ. ಊರಲ್ಲಿ ಬೇರೆ ಯಾರ ಸೆಣಬೂ ನೀರಲ್ಲಿ ಉಳಿದಿರಲಿಲ್ಲ. ಎತ್ತರ ನೋಡುತ್ತ ಎಲ್ಲವನ್ನೂ ಬಿಟ್ಟವಳು ಅವಳೇ. ಕೊನೆಗೆ ಬಗ್ಗಿ ಕೊಡತಿ ಎತ್ತಿಕೊಂಡಳು. ಆಮೇಲೆ ಅವಳು ಬಡಿದ ಬಡಿತವನ್ನು ಕಂಡು ತೋರಾಬನೇ ಹತ್ತಿರ ಬಂದು, "ನಾರಿಗೆ ಏಟು ಬೀಳದಂಗೆ ನೋಡ್ಕೋ ತಾಯಿ," ಎಂದ. ಎರಡಾಳುದ್ದದ ಸೆಣಬು ಲಟಲಟ ಮುರಿದು ನೀರಿನ ಮೇಲೆ ತೇಲಿತು. ಕೆಲಸ ಸಂಜೆಯೊಳಗೆ ಮುಗಿಯಿತು. ಅವಳ ಪಾಲಿನ ರಾಶಿ ಎಲ್ಲರದಕ್ಕಿಂತ ದೊಡ್ಡದಾಗಿತ್ತು.

ಮೂರು ದಿನದ ಬಿಸಿಲಿಗೆ ಚೂರೆಲ್ಲ ಒಣಗಿದ ಮೇಲೆ ಹೊರೆ ಮೇಲೆ ಹೊರೆ ಹೊತ್ತು ಅವಳು ಬಾಳೆ ಮೂಲೆಯಲ್ಲಿ ಒಟ್ಟಿದಳು. ಅತ್ತಿಗೆ ಕೊಹಿನೂರ್ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕಣ್ಣರಳಿಸಿದಳು. "ಅಯ್ಯೋ, ಎಷ್ಟೊಂದು! ನನ್ನ ಹತ್ರ ಇರೋ ಕಟ್ಟಿಗೆಯೆಲ್ಲ ಹಿಂದಿನ ಮಳೆಗೆ ನೆನೆದು ಇನ್ನೂ ಒಣಗದೆ ಕೂತಿದೆ. ಅಡುಗೆಮನೆ ಪಕ್ಕ ಹಾಕ್ಬಾರದಿತ್ತಾ?"

ಇದ್ರಿಸ್ ಹೆಂಡತಿಯ ಹಿಂದೆಯೇ ಬಂದ. ಸಾವಿನ ಮನೆಗೆ ಹೋಗುವಾಗ ಹಾಕಿಕೊಳ್ಳುವ ಮುಖ ಹಾಕಿಕೊಂಡಿದ್ದ. "ಏನ್ಮಾಡೋದು, ಅಲ್ಲಾಹನ ಇಚ್ಛೆ. ಒಂದು ಗೋಡೆಗೆ ಮನೆ ಅಂತಾರಾ? ಮುಂದಿನ ವರ್ಷ ನೋಡೋಣ."

"ಕೊಡತಿ ಚೆನ್ನಾಗಿತ್ತಣ್ಣ," ಎಂದಳು ಹಾಜೆರಾ. "ಹಿಡಿ ಮಾತ್ರ ಸ್ವಲ್ಪ ಒರಟು. ಆತುರದಲ್ಲಿ ಕೆತ್ತಿದಂಗಿತ್ತು."

ಇದ್ರಿಸನಿಗೆ ಹಸುವಿಗೆ ನೀರಿಡುವುದು ನೆನಪಾಯಿತು. ಹೋದ.

ಕೊಹಿನೂರ್ ರಾಶಿಗೆ ಕೈ ಹಾಕಿದಳು. ಹಾಜೆರಾ ಮುಂದೆ ಬಂದು ಆ ಕೈಯನ್ನು ಹಿಡಿದು, ಮೆಲ್ಲಗೆ ಪಕ್ಕಕ್ಕಿಟ್ಟಳು.

"ಒಂದು ಹೊರೆ ಕಣೆ! ಒಲೆ ಮೇಲೆ ಅಕ್ಕಿ ಇದೆ."

"ಬೇಯ್ಲಿ ಅತ್ತಿಗೆ. ನಿಮ್ಮ ಕಟ್ಟಿಗೆ ಇದೆಯಲ್ಲ."

"ನೀನೂ ಆ ಅನ್ನನೇ ಉಣ್ಣೋದು!"

"ಗೊತ್ತು."

ಒದ್ದೆ ಕಟ್ಟಿಗೆ ಹೊಗೆಯಾಡಿತು, ಹತ್ತಲಿಲ್ಲ. ಕೊಹಿನೂರ್ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು, ಕೊನೆಗೆ ಸೋತು ಪಾತ್ರೆ ಇಳಿಸಿದಳು. ಹಾಜೆರಾಳ ತಟ್ಟೆಯನ್ನು ಎಂದಿನಂತೆ ಕೊಟ್ಟಿಗೆಯ ಬಾಗಿಲಲ್ಲಿಟ್ಟು ಹೋದಳು. ಒಳಗೆ ಗಂಡಹೆಂಡತಿ ಕಟಕಟ ಅಗಿಯುವ ಸದ್ದು ಕೇಳುತ್ತಿತ್ತು. ಅನ್ನ ಅರೆಬೆಂದು, ಅಗುಳಿನ ನಡು ಇನ್ನೂ ಅಕ್ಕಿಯಾಗೇ ಇತ್ತು. ಹಾಜೆರಾ ಒಂದಗುಳೂ ಬಿಡದೆ ಉಂಡಳು.