ಬೀಡಿ ಬಿಡಿಸಲು ಬಂದವಳು

ಗಂಡ ಭೂತಪ್ಪನ ಬೀಡಿ ಬಿಡಿಸಿಯೇ ತೀರುತ್ತೇನೆಂದು ಹುಲಿಗೆಮ್ಮ ಅವನನ್ನು ಭದ್ರಾವತಿಯಲ್ಲಿ ಬಸ್ಸು ಹತ್ತಿಸಿ, ಶಿವಮೊಗ್ಗದ ವಿದ್ಯಾನಗರದ ಡಾಕ್ಟರ ಮುಂದೆ ತಂದು ಕೂರಿಸಿದ್ದಳು. ಏಲಕ್ಕಿ, ಲವಂಗ, ಒಣಶುಂಠಿ ಎಲ್ಲ ಜಗಿಸಿ ನೋಡಿದ್ದಾಗಿತ್ತು. ಬೀಡಿ ಮಾತ್ರ ನಿಂತಿರಲಿಲ್ಲ.

ಡಾಕ್ಟರ್ ಶ್ರೀಗೌರಿ ತೋಳಿಗೆ ಅಂಟಿಸುವ ನಿಕೋಟಿನ್ ಪಟ್ಟಿಯನ್ನೂ ಜಗಿಯುವ ಗಮ್ಮನ್ನೂ ಮೇಜಿನ ಮೇಲಿಟ್ಟರು. ಭೂತಪ್ಪ ಪಟ್ಟಿಯನ್ನು ಮುಟ್ಟಿ ನೋಡಿದ.

"ಫೌಂಡ್ರೀಲಿ ಕೆಲ್ಸ ಮೇಡಂ, ಬೆವರಿಗೆ ಇದು ನಿಲ್ಲಲ್ಲ. ಗಮ್ಮೇ ಕೊಡಿ."

"ಸುಮ್ನೆ ಜಗೀತಾನೇ ಇರ್ಬಾರ್ದು," ಎಂದರು ಡಾಕ್ಟರು. "ಬಾಯಿ ಖಾರ ಆದ ತಕ್ಷಣ ನಿಲ್ಸಿ, ದವಡೆ ಸಂದೀಲಿ ಇಟ್ಕೊಬೇಕು."

"ಗೊತ್ತಾಯ್ತು ಬಿಡಿ. ಇವ್ಳು ಹೊಗೆಸೊಪ್ಪು ಇಟ್ಕೊಳ್ಳೋ ಹಂಗೆ."

ಡಾಕ್ಟರು ಹುಲಿಗೆಮ್ಮನ ಉಬ್ಬಿದ ಕೆನ್ನೆಯನ್ನು ನೋಡಿದರು. ಬಂದಾಗಿನಿಂದ ಅವಳು ತಲೆಯಾಡಿಸಿದ್ದಳೇ ಹೊರತು ಬಾಯಿ ತೆರೆದಿರಲಿಲ್ಲ.

ಹುಲಿಗೆಮ್ಮ ಗಂಡನನ್ನು ದುರುಗುಟ್ಟಿ ನೋಡಿ, ಎದ್ದು ಹೊರಗೆ ಹೋದಳು. ಉಗಿದು, ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಬಂದು, ಸೊಂಟದ ಎಲೆಅಡಿಕೆ ಚೀಲದಿಂದ ಹೊಗೆಸೊಪ್ಪನ್ನು ತೆಗೆದು ಕಸದ ಬುಟ್ಟಿಗೆ ಹಾಕಿದಳು.

"ನಂಗೂ ಬರ್ಕೊಡಿ," ಎಂದಳು. "ಇವ್ರಿಗಿಂತ ಮೊದ್ಲು ನಾನೇ ಬಿಟ್ಟು ತೋರಿಸ್ತೀನಿ."